ಬಾನೆಟ್ಟಿನ ಮೇಲೆ ಅವ್ವನ ವಿಭೂತಿ

ಗೆಳೆಯರೇ, ಇವತ್ತು ಹಳಿಯಾಳದಲ್ಲಿ ಒಂದು ಹಳೇ ಕಾರು ನೋಡಲು ಹೋಗಿದ್ದೆ. ಜೊತೆಗೆ ನೀವೆಲ್ಲ ಸಲಹೆ ಕೊಟ್ಟಂತೆ ಒಬ್ಬ ಮೆಕ್ಯಾನಿಕ್, ಬೇಡವೆಂದರೂ ಹತ್ತಿ ಕೂತ ಅವ್ವ. "ಗಾಡಿ ಮನಸಿಗೆ ಬಂದರೂ ಮಾರಿ ಮ್ಯಾಲ ತೋರಿಸಬ್ಯಾಡವಾ" ಎಂದು ನಮ್ಮೂರು ಇಂದೂರಿನಿಂದ ದಾರಿಯುದ್ದಕ್ಕೂ ಅವಳಿಗೆ ಪಾಠ ಮಾಡಿದ್ದೆ.

ಟೈರು ಸವೆದಿವೆ ಎಂದೆ. ಕ್ಲಚ್ಚು ಬಿಗಿ ಎಂದೆ. ಎಲ್ಲೋ ಗುದ್ದಿಸಿ ಬಣ್ಣ ಬಳಿದಂತಿದೆ ಎಂದೆ. ಮೆಕ್ಯಾನಿಕ್ ಎಲ್ಲದಕ್ಕೂ ತಲೆಯಾಡಿಸಿದ. ಮಾಲೀಕರು ಮೆತ್ತಗಾಗಿ, "ಆತು ಬಿಡ್ರಿ, ಒಂಚೂರು ಕಡಿಮಿ..." ಎನ್ನುವಷ್ಟರಲ್ಲಿ ಅವ್ವ ಸೊಂಟದ ಚೀಲದಿಂದ ವಿಭೂತಿ ತೆಗೆದು ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆದೇಬಿಟ್ಟಳು.

ಮಾಲೀಕರು ಅರ್ಧ ಮಾತು ನುಂಗಿ ಕೈಮುಗಿದರು. "ಅವ್ವಾರು ವಿಭೂತಿ ಹಚ್ಚಿದ್ರು. ಇನ್ನ ಇದು ನಿಮ್ಮನಿ ಗಾಡಿ. ಮನಿ ಗಾಡಿಗೆ ಯಾರರೆ ಚೌಕಾಶಿ ಮಾಡ್ತಾರೇನ್ರಿ?"

"ಯಾಕ ಹಚ್ಚಿದಿಬೇ?" ಎಂದು ಹಲ್ಲು ಕಡಿದೆ.

"ಆಗಿಂದ ಅದನ್ನ ಬೈಯಾಕ ಹತ್ತೀದಿ. ನಿನ್ನ ಕಣ್ಣ ತಾಗೀತಂತ ಹಚ್ಚಿದೆ."

ಇವನಾದರೂ ಬಾಯಿ ಬಿಡಲಿ ಎಂದು ನಿಮ್ಮ ಸಲಹೆಯ ಮೆಕ್ಯಾನಿಕ್ ಕಡೆ ತಿರುಗಿದೆ. ಅವನು ಚಪ್ಪಲಿ ಬಿಟ್ಟು ಗಾಡಿಗೆ ಕೈಮುಗಿಯುತ್ತಿದ್ದ.