ಬೊಂಡದ ಪುಟ

ಲಾಫ್ಟಿನಿಂದ ಮಗಳು ಇಳಿಸಿದ ಖಾಕಿ ಚೀಲದ ಬಾಯಿ ಬಿಚ್ಚಿದ್ದೇ ತಡ, ನುಸಿಗುಳಿಗೆಯ ವಾಸನೆ ಮುಂಬಯಿಯ ಆಂಟಾಪ್ ಹಿಲ್ಲಿನ ನಮ್ಮ ಪುಟ್ಟ ಮನೆಯನ್ನೆಲ್ಲ ತುಂಬಿಕೊಂಡಿತು. ಒಳಗೆ ಆರು ಪುಸ್ತಕಗಳು. ಎರಡು ವರ್ಷದಿಂದ ನಾನು ಅವನ್ನು ಮುಟ್ಟಿರಲಿಲ್ಲ.

"ಮಮ್ಮಿ, ಈ ಸಲ ಊರಿಗೆ ಕಾರು ನಾನೇ ಓಡಿಸ್ತೀನಿ. ಬುಕ್ಸ್ ನೀನು ಸೆಲೆಕ್ಟ್ ಮಾಡು. ಪಪ್ಪಾ ಕಾ ರೂಲ್ ಹೈ ನಾ?" ಎಂದಳು. ಕನ್ನಡ ಓದಲು ಬಾರದವಳಿಗೆ ಪುಸ್ತಕದ ಉಸಾಬರಿ ಯಾಕೆಂದು ರೇಗಿದೆ. ರೇಗುವುದು ನನ್ನ ಜಾಯಮಾನ. ಅಳು ಬಂದಾಗ ಇನ್ನೂ ಜಾಸ್ತಿ.

ಆ ರೂಲಿನ ವಿಷಯ ನಿಮಗೆ ಹೇಳಲೇಬೇಕು. ನನ್ನ ಯಜಮಾನರು ಉಡುಪಿ ಕಡೆಯವರು, ಜೋಗೇಶ್ವರಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಪ್ರತಿ ಮೇ ತಿಂಗಳಲ್ಲಿ ನಮ್ಮ ಹಳೇ ಕಾರಿನಲ್ಲಿ ಊರಿಗೆ ಹೊರಟರೆ, ದಾರಿಯ ಒಂದೊಂದು ಸೀಮೆಗೆ ಒಂದೊಂದು ಪುಸ್ತಕ ಜೊತೆಗಿರಬೇಕು. ಸಾತಾರೆಗೆ, ಕೊಲ್ಹಾಪುರಕ್ಕೆ ಮರಾಠಿಯವು. ಆಮೇಲೆ ಬೆಳಗಾವಿಗೆ, ಧಾರವಾಡಕ್ಕೆ, ಯಲ್ಲಾಪುರಕ್ಕೆ. ಘಟ್ಟ ಇಳಿದ ಮೇಲೆ ಕರಾವಳಿಯದು. ಆಯಾ ಸೀಮೆ ಮುಟ್ಟುವ ತನಕ ಆ ಪುಸ್ತಕ ಓದುವಂತಿಲ್ಲ. ಅವರು ಓಡಿಸಬೇಕು, ನಾನು ಗಟ್ಟಿಯಾಗಿ ಓದಬೇಕು.

ಪುಸ್ತಕ ಆರಿಸುವ ಕ್ರಮವೂ ಹೋಟೆಲಿನವರದೇ. ಹೆಸರು, ಮುನ್ನುಡಿ ಯಾವುದೂ ನೋಡುತ್ತಿರಲಿಲ್ಲ. ಸೀದಾ ನಡುಪುಟ ಬಿಡಿಸಿ, ಜನ ಏನು ಉಣ್ಣುತ್ತಿದ್ದಾರೆ ಎಂದು ಹುಡುಕುವುದು. ಧಾರವಾಡದ ಬಗ್ಗೆ ನಾನು ಮೆಚ್ಚಿ ತಂದ ದಪ್ಪ ಪುಸ್ತಕವೊಂದನ್ನು, "ನೂರು ಪುಟ ತಿರುವಿದೆ, ಒಬ್ಬರೂ ಒಂದು ತುತ್ತು ಉಣ್ಣಲಿಲ್ಲ. ಇದು ಯಾವ ಊರಿನದ್ದೂ ಅಲ್ಲ ಮಾರಾಯ್ತಿ" ಎಂದು ಪಕ್ಕಕ್ಕಿಟ್ಟುಬಿಟ್ಟರು. ನಾನು ಎರಡು ದಿನ ಮಾತು ಬಿಟ್ಟೆ.

ಮದುವೆಯಾದ ಹೊಸದರಲ್ಲಿ ಮೊದಲ ಸಲ ಆ ದಾರಿಯಲ್ಲಿ ಹೋದಾಗ ಕರಾವಳಿಯ ಪುಸ್ತಕ ಓದುತ್ತಿದ್ದೆ. ದಣಿದು ಬಂದ ನೆಂಟನಿಗೆ ಬೊಂಡ ಕೆತ್ತಿ ಕೊಟ್ಟರು ಎಂದು ಅದರಲ್ಲಿತ್ತು. ನಾನು ವಿಜಯಪುರದ ಕಡೆ ಹುಟ್ಟಿದವಳು. ಬೊಂಡ ಎಂದರೆ ಇವರ ಹೋಟೆಲಿನಲ್ಲಿ ಎಣ್ಣೆಯಲ್ಲಿ ಕರಿಯುವುದಷ್ಟೇ ಗೊತ್ತು. ಓದು ನಿಲ್ಲಿಸಿ, "ಬೊಂಡಾ ಕೆತ್ತೂದಂದ್ರ ಏನ್ರೀ? ಅಷ್ಟು ಗಟ್ಟಿ ಆಗಿತ್ತೇನು?" ಎಂದು ಕೇಳಿದೆ. ಇವರು ಕಾರನ್ನು ಪಕ್ಕಕ್ಕೆ ಹಾಕಿ, ಸ್ಟೇರಿಂಗಿಗೆ ತಲೆ ಆನಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಎಳನೀರು ಮಾರಾಯ್ತಿ, ಎಳನೀರು!" ಅವರ ಕಡೆ ಎಳನೀರಿಗೇ ಬೊಂಡ ಎನ್ನುತ್ತಾರಂತೆ!

ಆಮೇಲೆ ಉಳಿದ ಸೀಮೆಗಳ ಪುಸ್ತಕ ವರ್ಷವರ್ಷ ಬದಲಾದವು, ಕರಾವಳಿಯದು ಮಾತ್ರ ಬದಲಾಗಲಿಲ್ಲ. ಆ ಪುಟ ಬಂದಾಗ ನಾನು ಅದೇ ಪ್ರಶ್ನೆ ಕೇಳಬೇಕು, ಅವರು ಹೊಸದಾಗಿ ಕೇಳಿದವರಂತೆ ನಗಬೇಕು. ಹಿಂದಿನ ಸೀಟಿನಲ್ಲಿ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದಳು.

ಮುಂಬಯಿಗೆ ಯಾಕೆ ಪುಸ್ತಕ ಇಲ್ಲವೆಂದು ಒಮ್ಮೆ ಕೇಳಿದ್ದೆ. "ಹೋಗಿ ಮುಟ್ಟುವ ಊರಿಗೆ ಪುಸ್ತಕ ಬೇಕು. ಮುಂಬಯಿ ನಮ್ಮ ಊರು ಆದದ್ದು ಯಾವಾಗ?" ಎಂದಿದ್ದರು. ಇಲ್ಲಿಗೆ ಬಂದು ಮೂವತ್ತು ವರ್ಷ ಕಳೆದವರ ಮಾತು ಇದು.

ಎರಡು ವರ್ಷದ ಹಿಂದೆ ಚೀಲ ತುಂಬಿ ಆಗಿತ್ತು. ಹೊರಡುವ ವಾರವೇ ಇವರು ಪರೇಲಿನ ಆಸ್ಪತ್ರೆ ಸೇರಿದರು. ಕರಾವಳಿಯ ಪುಸ್ತಕ ತರಿಸಿಕೊಂಡು ದಿಂಬಿನ ಬದಿಗೆ ಇಟ್ಟುಕೊಂಡಿದ್ದರು. ಒಂದು ಮಧ್ಯಾಹ್ನ, "ಬೊಂಡದ ಪುಟ ಒಮ್ಮೆ ಓದು ಮಾರಾಯ್ತಿ" ಎಂದರು.

"ಇನ್ನ ಘಟ್ಟ ಇಳದಿಲ್ಲ. ಊರಿಗೆ ಹೋಗುಮುಂದ ಓದ್ತೀನಿ, ಸುಮ್ನ ಮಲಕೋರಿ" ಎಂದು ಗದರಿದೆ. ಅಲ್ಲೇ ಓದಿದರೆ, ಇನ್ನು ಊರಿಗೆ ಹೋಗುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ ಅನ್ನಿಸಿತ್ತು. "ಆಯ್ತು, ರೂಲ್ ಅಂದ್ರೆ ರೂಲ್" ಎಂದು ಕಣ್ಣು ಮುಚ್ಚಿದರು. ಮೂರನೆಯ ದಿನ ಹೋಗಿಬಿಟ್ಟರು. ಅರ್ಧ ಪುಟ, ಒಂದು ನಿಮಿಷದ ಓದು. ನನ್ನ ಹಟಕ್ಕೆ ಬೆಂಕಿ ಬೀಳಲಿ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಇಷ್ಟೆಲ್ಲ ನೆನೆದು, ಕೊನೆಗೆ ಕಪಾಟಿನ ಪುಸ್ತಕಗಳನ್ನೂ ಇಳಿಸಿಕೊಂಡು, ನಾನೂ ನಡುಪುಟ ಬಿಡಿಸಿ ಬಿಡಿಸಿ ಈ ಸಲದವನ್ನು ಆರಿಸಿದೆ. ಬೆಳಗಾವಿಯದರಲ್ಲಿ ಯಾರೋ ರೊಟ್ಟಿ ಬಡಿಯುತ್ತಿದ್ದರು, ಯಲ್ಲಾಪುರದ್ದರಲ್ಲಿ ಜೋನಿಬೆಲ್ಲ ಹಾಕಿಕೊಂಡು ದೋಸೆ ತಿನ್ನುತ್ತಿದ್ದರು. ಕರಾವಳಿಯ ಪುಸ್ತಕವನ್ನು ಎಲ್ಲಕ್ಕಿಂತ ಮೇಲಿಟ್ಟೆ.

ಹೊರಟ ಬೆಳಿಗ್ಗೆ, "ಮೊದ್ಲ ಪರೇಲಿಗೆ ನಡಿ" ಎಂದೆ. "ಪರೇಲ್? ಉಲ್ಟಾ ಪಡೇಗಾ ಮಮ್ಮಿ" ಎಂದವಳು ನನ್ನ ಮುಖ ನೋಡಿ ಕಾರು ತಿರುಗಿಸಿದಳು. ಆಸ್ಪತ್ರೆಯ ಎದುರು ನಿಲ್ಲಿಸಲು ಹೇಳಿ ಕರಾವಳಿಯ ಪುಸ್ತಕ ತೆಗೆದೆ. "ಇದು ಮುಂಬಯಿದು" ಎಂದೆ. ಓದತೊಡಗಿದೆ. ನೆಂಟ ಬಂದ, ಜಗಲಿಯಲ್ಲಿ ಕೂತ, ಬೊಂಡ ಕೆತ್ತಿ ಕೊಟ್ಟರು. ಮುಂದೆ ನನ್ನ ಪ್ರಶ್ನೆ. ಅದನ್ನು ಕೇಳದೆ ಪುಸ್ತಕ ಮುಚ್ಚಹೊರಟೆ.

"ಬೊಂಡಾ ಕೆತ್ತೂದಂದ್ರ ಏನ್ರೀ? ಅಷ್ಟು ಗಟ್ಟಿ ಆಗಿತ್ತೇನು?"

ಕೇಳಿದವಳು ಮಗಳು. ನನ್ನದೇ ವಿಜಯಪುರದ ರಾಗ, ಒಂದಕ್ಷರ ಆಚೀಚೆ ಇಲ್ಲ. ಆ ಇಯರ್‌ಫೋನಿನೊಳಗಿಂದ ಅವಳು ಅಷ್ಟೂ ವರ್ಷ ಕೇಳಿಸಿಕೊಂಡಿದ್ದಾಳೆ. ನಾನು ಆಸ್ಪತ್ರೆಯ ಕಿಟಕಿಗಳ ಕಡೆ ತಿರುಗಿ, ಅವರು ಹೇಳಬೇಕಾಗಿದ್ದ ಮಾತನ್ನು ನಾನೇ ಹೇಳಿದೆ.

"ಎಳನೀರು ಮಾರಾಯ್ತಿ, ಎಳನೀರು."