ಏಳನೆಯ ಗೆರೆ

ಔರಂಗಾಬಾದಿನಲ್ಲಿ ನನ್ನ ಎಂಎಸ್ಸಿ ಪ್ರಾಕ್ಟಿಕಲ್ ಪರೀಕ್ಷೆ, ಎರಡನೆಯ ಸಲ. ಮಗುವನ್ನು ನೋಡಿಕೊಳ್ಳಲು ಧಾರವಾಡದಿಂದ ಓಝರಿನ ನಮ್ಮ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಬಂದಿದ್ದ ಅತ್ತೆ ಖಡಾಖಂಡಿತವಾಗಿ ಹೇಳಿದ್ದರು: "ಈ ಸಲಾ ಫೇಲಾದ್ರ ಪುಸ್ತಕ ಕಟ್ಟಿಡು. ನಾ ಊರಿಗೆ ಹೋಗಾಕಿ." ಗಂಡ ಫ್ಯಾಕ್ಟರಿಗೆ ರಜೆ ಹಾಕಿ ಜೊತೆಗೆ ಬಂದು, ಹೊರಗೆ ಬೇವಿನ ಮರದಡಿ ಕೂತಿದ್ದರು.

ನನಗೆ ಕೊಟ್ಟದ್ದು ಒಂದು ಎಕ್ಸ್-ರೇ ಫಿಲ್ಮಿನ ಪಟ್ಟಿ. ನಡುವೆ ತೂತು, ಎರಡೂ ಕಡೆ ಬಾಗಿದ ಗೆರೆಗಳು. ಅವುಗಳ ದೂರ ಅಳೆದು, ಲೋಹದ ಪರಮಾಣುಗಳು ಘನದ ಮೂಲೆಗಳಲ್ಲಿ ಮಾತ್ರ ಇವೆಯೋ, ನಟ್ಟನಡುವೆಯೂ ಒಂದಿದೆಯೋ ಹೇಳಬೇಕು. ಗೆರೆಗಳ ದೂರದಿಂದ ಬರುವ ಅನುಪಾತ ಒಂದು, ಎರಡು, ಮೂರು ಎಂದು ಆರರವರೆಗೆ ಎರಡಕ್ಕೂ ಒಂದೇ. ಆಮೇಲೆ ಏಳು ಬಂದರೆ ನಡುವೆ ಪರಮಾಣು ಇದೆ. ಏಳು ಹಾರಿ ಎಂಟು ಬಂದರೆ ಇಲ್ಲ. ನನಗೆ ಏಳರ ಗೆರೆ ಕಂಡಿತು, ಕೂದಲೆಳೆಯಷ್ಟು ತೆಳ್ಳಗೆ. ಹಾಗೆಯೇ ಬರೆದೆ.

ಪರೀಕ್ಷಕರು ಫಿಲ್ಮನ್ನು ಎತ್ತಿ ನೋಡಿ, "ಓರಖಡಾ ಆಹೇ ಹಾ" ಎಂದರು. ನನ್ನ ಏಳನೆಯ ಗೆರೆ ಫಿಲ್ಮಿಗೆ ಬಿದ್ದ ಗೀರಂತೆ! ಉತ್ತರ ಹೊಡೆದುಹಾಕಲು ಹೇಳಿದರು.

ಹಿರಿಯರಿಗೆ ಎದುರಾಡಬಾರದು ಎಂಬುದನ್ನು ಅಕ್ಷರಕ್ಕಿಂತ ಮೊದಲು ಕಲಿತವಳು ನಾನು. ಕೈ ತಾನಾಗಿ ಪೆನ್ನು ಎತ್ತಿತು. ಆಗ ಹೊಳೆಯಿತು: ಗೀರಾದರೆ ಒಂದೇ ಕಡೆ ಇರುತ್ತದೆ. ನಿಜವಾದ ಗೆರೆಗೆ ತೂತಿನ ಆಚೆಗೂ ಅಷ್ಟೇ ದೂರದಲ್ಲಿ ಜೋಡಿ ಇರಲೇಬೇಕು. ಆದರೆ ಆಚೆ ಕಡೆ ಫಿಲ್ಮು ಮಬ್ಬಾಗಿತ್ತು. ಜೋಡಿ ಸಿಗದಿದ್ದರೆ ಉದ್ಧಟತನದ ಅಪವಾದವೂ ತಲೆಗೆ ಬರುತ್ತಿತ್ತು.

"ಸರ್, ಒಂದು ನಿಮಿಷ" ಎಂದು ಕಿಟಕಿಗೆ ಹೋದೆ. ತೂತಿನ ಆಚೆ ಅಷ್ಟೇ ದೂರಕ್ಕೆ ಸ್ಕೇಲು ಇಟ್ಟೆ. ಫಿಲ್ಮನ್ನು ಓರೆ ಮಾಡಿದೆ, ಇನ್ನಷ್ಟು ಓರೆ ಮಾಡಿದೆ. ಇತ್ತು.

"ಗೀರಲ್ಲ ಸರ್. ಎರಡೂ ಕಡೆ ಇದೆ."

ಅವರು ತಾವೇ ಸ್ಕೇಲು ಹಿಡಿದು ಅಳೆದರು. "ಬರೋಬರ್. ಪಾಸ್ ಝಾಲೀಸ್" ಎಂದು ನಕ್ಕರು. ಪರೀಕ್ಷಿಸಲೆಂದು ಬೆಳಗಿನಿಂದ ಎಲ್ಲರಿಗೂ ಬೇಕೆಂದೇ ಗೀರು ಎಂದು ಹೇಳಿದ್ದರಂತೆ, ಎಲ್ಲರೂ ಹೊಡೆದುಹಾಕಿದ್ದರಂತೆ. ಖುಷಿಗಿಂತ ಮೊದಲು ನನಗೆ ಮೈಯೆಲ್ಲ ಉರಿಯಿತು.

ಹೊರಗೆ ಬಂದು ಗಂಡನಿಗೆ ನಡೆದದ್ದು ಹೇಳಿದೆ. ಪಾಸಾದ ಮಾತು ಅವರ ಕಿವಿಗೇ ಬೀಳಲಿಲ್ಲ.

"ಸಾಹೇಬ್ರಿಗೆ ಎದುರಾಡಿದೇನು? ನಮ್ಮವ್ವನ ಮುಂದ ಇದನ್ನ ಹೇಳಬ್ಯಾಡ."

"ಹೇಳ್ತೀನ್ರಿ," ಎಂದೆ. "ಮೊದಲು ಅದನ್ನಽ ಹೇಳ್ತೀನಿ."