ಸದ್ದು ತೆಗೆದ ಸಿನಿಮಾ

ಆ ಗುರುವಾರ ಮಧ್ಯಾಹ್ನ ಮಸ್ಕಿಯ ಹೊಲಿಗೆ ತರಗತಿಯಲ್ಲಿ ನಾವು ಐದು ಮಂದಿ ರವಿಕೆಗಳಿಗೆ ಹುಕ್ಕು ಹಚ್ಚುತ್ತಿದ್ದೆವು. ನಮ್ಮ ಟೀಚರ್ ಮೊಬೈಲನ್ನು ಮಷಿನ್ನಿಗೆ ಒರಗಿಸಿ ದೆವ್ವದ ಸಿನಿಮಾ ಹಾಕಿದ್ದರು. ಅದು ಅವರ ಮೆಚ್ಚಿನ ಕಾದಂಬರಿಯ ಮೇಲೆ ಬಂದ ಎರಡನೇ ಸಿನಿಮಾ. ಹೆದರಿಸುವ ದೃಶ್ಯ ಬಂದಾಗಲೆಲ್ಲ ಟೀಚರ್ ಸದ್ದು ತೆಗೆದು, ಕನ್ನಡಕ ಸರಿಪಡಿಸಿಕೊಂಡು, "ಈಗ ನೋಡ್ರಿ" ಎಂದು ಕಾದಂಬರಿಯ ಅದೇ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದರು.

ಅಂದಿನ ದೃಶ್ಯದಲ್ಲಿ ಸತ್ತ ಮಗಳು ಬಾಗಿಲಲ್ಲಿ ಬಂದು ನಿಂತಿದ್ದಳು. ಹಳೆಯ ಸಿನಿಮಾದಲ್ಲಿ ತಾಯಿ ಚೀರಿದ್ದಳು, ಹೊಸದರಲ್ಲಿ ಓಡಿಹೋದಳು. ಪುಸ್ತಕದ ತಾಯಿ ಮಾತ್ರ "ಉಂಡೆಯಾ?" ಎಂದು ಕೇಳುತ್ತಾಳೆ.

"ಈಗ ನೋಡ್ರಿ, ತಾಯಿ ಆದಾಕಿ ಓಡ್ತಾಳೇನು?" ಎಂದರು ಟೀಚರ್.

"ದೆವ್ವ ಬಂದ್ರ ನೀವೂ ಊಟಕ್ಕ ಕೂಡಸ್ತೀರೇನ್ರೀ?" ಎಂದು ಪಾಮನಕಲ್ಲೂರಿನ ಹುಡುಗಿ ಕೆಣಕಿದಳು.

"ನಮ್ಮಕಿ ಬಂದ್ರ ಮೊದಲ ಬಿಸಿ ರೊಟ್ಟಿ ಬಡೀತೀನಿ, ಯವ್ವಾ. ಹೆದರಿಕಿ ಆಮ್ಯಾಲೆ."

ನಾವು ನಕ್ಕೆವು. ಆಮೇಲೆ ಅವರ ತೀರಿಹೋದ ಮಗಳು ನೆನಪಾಗಿ ಒಬ್ಬೊಬ್ಬರೇ ಹುಕ್ಕುಗಳ ಮೇಲೆ ಬಾಗಿದೆವು. ಅವರು ಪುಟ ತಿರುವಿ ಮುಂದೆ ಓದಿದರು.

ಮರುದಿನ ಲೈನಿಂಗ್ ಬಟ್ಟೆ ತರಲು ಸಿಂಧನೂರಿಗೆ ಹೋದ ಟೀಚರ್ ಅಂಗಡಿಯ ಮುಂದೆಯೇ ಕುಸಿದು ಬಿದ್ದರು. ಮತ್ತೆ ಏಳಲಿಲ್ಲ.

ಈಗ ತರಗತಿಯನ್ನು ನಾನು ನಡೆಸುತ್ತೇನೆ. ಸಂಜೆ ಹುಡುಗಿಯರೆಲ್ಲ ಹೋದ ಮೇಲೂ ಸ್ವಲ್ಪ ಹೊತ್ತು ಬಾಗಿಲು ತೆರೆದಿಟ್ಟು ಕೂತಿರುತ್ತೇನೆ. ನನಗೆ ಹೆದರಿಕೆಯಿಲ್ಲ. ಒಂದು ವರ್ಷವಾಯಿತು, ಟೀಚರ್ ಬಂದಿಲ್ಲ.